ಅಂತ್ಯಮೀಮಾಂಸೆ ಅಥವಾ ಕೊನೆಯ ಪುಟಕ್ಕೆ ಅಗುಳಿ ಬೇಕೆ?

ಕಾದಂಬರಿಯ ಕೊನೆಯನ್ನು ಮುಚ್ಚಬೇಕೋ ತೆರೆದಿಡಬೇಕೋ ಎಂಬ ಜಗಳ ಎಲ್ಲ ಭಾಷೆಗಳಲ್ಲೂ ನಡೆದಿದೆ. ಆದರೆ ಅದರಲ್ಲಿ ಬಾಯಿ ಹಾಕಲು ಹುಟ್ಟಿನಿಂದಲೇ ಹಕ್ಕು ಪಡೆದವರು ಕನ್ನಡಿಗರು ಮತ್ತು ಮರಾಠಿಗರು. ಪ್ರಮಾಣ ಬೇಕಾದವರು ಆ ಪ್ರಕಾರದ ಹೆಸರನ್ನೇ ನೋಡಬಹುದು. ತೆಲುಗರು ಇಂಗ್ಲಿಷಿನ ಸದ್ದು ಹತ್ತಿರವಿರುವಂತೆ ‘ನವಲ’ ಎಂದರು. ಹಿಂದಿಯವರೂ ಬಂಗಾಳಿಗಳೂ ‘ಉಪನ್ಯಾಸ’ ಎಂದರು. ಆ ಪದ ಕನ್ನಡದಲ್ಲಿ ಭಾಷಣವಾಗಿಬಿಟ್ಟಿದೆ, ವಂದನಾರ್ಪಣೆ ಆಗುವವರೆಗೆ ಮುಗಿಯುವುದಿಲ್ಲ. ಕನ್ನಡವೂ ಮರಾಠಿಯೂ ಒಂದು ಪುಸ್ತಕದ ಹೆಸರನ್ನೇ ಎತ್ತಿಕೊಂಡು ಇಡೀ ಪ್ರಕಾರಕ್ಕೆ ಅಂಟಿಸಿದವು. ಆ ಪುಸ್ತಕ ಬಾಣಭಟ್ಟನ ‘ಕಾದಂಬರಿ’. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣ ಅದನ್ನು ಮುಗಿಸದೆಯೇ ತೀರಿಕೊಂಡ.

ಹೀಗೆ, ಅರ್ಧಕ್ಕೆ ನಿಂತ ಪುಸ್ತಕವೊಂದರ ಹೆಸರಿಟ್ಟುಕೊಂಡು ಕನ್ನಡಿಗರು ನೂರು ವರ್ಷಕ್ಕೂ ಮೀರಿ ಬರೆಯುತ್ತ ಬಂದಿದ್ದಾರೆ. ಕೊನೆ ಸರಿಯಾಗಲಿಲ್ಲ ಎಂದು ಅಷ್ಟೇ ಕಾಲದಿಂದ ದೂರುತ್ತಲೂ ಬಂದಿದ್ದಾರೆ.

ಈ ದೂರನ್ನು ಶಾಶ್ವತವಾಗಿ ಇತ್ಯರ್ಥ ಮಾಡಲು ನಿವೃತ್ತ ಕನ್ನಡ ಮೇಷ್ಟರೊಬ್ಬರು ಟೊಂಕ ಕಟ್ಟಿದ್ದಾರೆ. ಅವರ ಹೆಸರು ಇಲ್ಲಿ ಬೇಡ. ಮುಂದೆ ಅವರನ್ನು ಶಾಸ್ತ್ರಕರ್ತರು ಎಂದೇ ಕರೆಯಲಾಗುವುದು. ಅವರು ಅನುಸರಿಸಿರುವುದು ಮೀಮಾಂಸಕರ ಐದಂಗದ ಕ್ರಮ: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಯಜ್ಞದ ವಿಧಿವಾಕ್ಯಗಳ ತಕರಾರು ಬಗೆಹರಿಸಲು ಹುಟ್ಟಿದ ಕ್ರಮವಿದು. ಅಲ್ಲಿ ಸಲ್ಲಿದ್ದು ಸಾಹಿತ್ಯ ವಿಮರ್ಶೆಯಲ್ಲಿ ಸಲ್ಲದೇ ಎಂಬುದು ಶಾಸ್ತ್ರಕರ್ತರ ವಾದ.

ವಿಷಯ

ಮೊದಲು ಅಂತ್ಯ ಎಂದರೇನೆಂದು ಗೊತ್ತಾಗಬೇಕು. ಕೊನೆಯ ಪುಟ ಎನ್ನುವಂತಿಲ್ಲ. ಅಲ್ಲಿ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿ ಇರುತ್ತದೆ. ಕೊನೆಯ ವಾಕ್ಯ ಎನ್ನೋಣವೆಂದರೆ ಜೇಮ್ಸ್ ಜಾಯ್ಸ್ ಅಡ್ಡ ಬರುತ್ತಾನೆ. 1939ರ ‘ಫಿನೆಗನ್ಸ್ ವೇಕ್’ನ ಕೊನೆಯ ವಾಕ್ಯ ಅರ್ಧಕ್ಕೆ ನಿಂತು, ಮಿಕ್ಕರ್ಧ ಪುಸ್ತಕದ ಮೊದಲ ಸಾಲಿನಲ್ಲಿ ಸಿಗುತ್ತದೆ. ಅದನ್ನು ಓದಿ ಮುಗಿಸಿದವರಿಗೆ ದೊರೆಯುವ ಬಹುಮಾನವೆಂದರೆ ಮತ್ತೆ ಓದಬೇಕಾಗುವುದು.

ಭಾರತೀಯರಿಗೆ ಈ ತಾಪತ್ರಯ ಇರಲಿಲ್ಲ. ನಾಟ್ಯಶಾಸ್ತ್ರ ಕಥಾವಸ್ತುವನ್ನು ಐದು ಸಂಧಿಗಳಾಗಿ ಕತ್ತರಿಸಿಟ್ಟಿದೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಕೊನೆಯದರಲ್ಲಿ ಚೆಲ್ಲಾಪಿಲ್ಲಿಯಾದ ಎಳೆಗಳೆಲ್ಲ ಒಂದೆಡೆ ಸೇರಿ ನಾಯಕನಿಗೆ ಫಲ ಸಿಗಬೇಕು. ಆಮೇಲೆ ಭರತವಾಕ್ಯ, ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂಬ ಹಾರೈಕೆ. ಇಷ್ಟು ದೊಡ್ಡ ಮನೆತನದ ‘ನಿರ್ವಹಣ’ ಈಗ ‘ನಿರ್ವಹಣೆ’ಯಾಗಿ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಾಗ ಮಾತ್ರ ನೆನಪಿಗೆ ಬರುತ್ತದೆ. ಆದರೂ ಸಂಸ್ಕಾರ ಅಳಿದಿಲ್ಲ. ಹರಿಕಥೆಗೆ ಮಂಗಳಾರತಿ ಆಗಬೇಕು. ಇರುಳಿಡೀ ಯಕ್ಷಗಾನ ನೋಡಿ ಕುರ್ಚಿಯಲ್ಲೇ ಗೊರಕೆ ಹೊಡೆದವನೂ ಬೆಳಗಿನ ಜಾವ ಮಂಗಳ ಕೇಳಿಯೇ ಚಪ್ಪಲಿ ಹುಡುಕುತ್ತಾನೆ. ಪುರಾಣಕ್ಕೆ ಫಲಶ್ರುತಿ ಉಂಟು. ಕಥೆ ಏನಾಯಿತು ಎಂಬುದರ ಜೊತೆಗೆ, ಕೇಳಿದವರಿಗೆ ಏನಾಗುತ್ತದೆ ಎಂಬುದೂ ಅದರಲ್ಲಿ ಸೇರಿರುತ್ತದೆ. ಇಷ್ಟು ದೊಡ್ಡ ಖಾತರಿಯನ್ನು ಇಂದಿನ ಯಾವ ಪ್ರಕಾಶಕರೂ ಕೊಡುವುದಿಲ್ಲ.

ಈ ಆಧಾರಗಳ ಮೇಲೆ ಶಾಸ್ತ್ರಕರ್ತರು ಮಂಡಿಸಿರುವುದೇ ಮಜ್ಜಿಗೆ ಸಿದ್ಧಾಂತ. ಬಾಳೆಲೆಯ ಊಟಕ್ಕೆ ಒಂದು ಕ್ರಮ ಇದೆ. ಉಪ್ಪು, ಕೋಸಂಬರಿ, ಪಲ್ಯ ಬಂದು, ಸಾರು, ಹುಳಿ, ಪಾಯಸ, ಹೋಳಿಗೆ ಮುಗಿದು, ಕಡೆಯದಾಗಿ ಮಜ್ಜಿಗೆ. ಹೋಳಿಗೆ ತಿಂದೇ ಹೊಟ್ಟೆ ಬಿರಿದಿದ್ದರೂ ಮಜ್ಜಿಗೆ ಅನ್ನ ಉಣ್ಣದವನಿಗೆ ಊಟವಾಯಿತು ಅನ್ನಿಸುವುದಿಲ್ಲ. ಮುಚ್ಚಿದ ಅಂತ್ಯ ಅಂದರೆ ಮಜ್ಜಿಗೆ ಬಡಿಸಿದ ಕಾದಂಬರಿ. ತೆರೆದ ಅಂತ್ಯದಲ್ಲಿ ಬಡಿಸುವವನು ತಂಬಿಗೆ ಹಿಡಿದು ಪಂಕ್ತಿಯ ಆ ತುದಿಯಲ್ಲಿ ಕಾಣಿಸಿಕೊಳ್ಳುತ್ತಾನೆ, ಅಷ್ಟರಲ್ಲಿ ದೀಪ ಆರುತ್ತದೆ.

ಸಂಶಯ

ಯಾವ ಶಾಸ್ತ್ರಕ್ಕೂ ಕ್ಷೇತ್ರಕಾರ್ಯ ಬೇಕು. ಶಾಸ್ತ್ರಕರ್ತರು ಅದಕ್ಕಾಗಿ ಶಿವಮೊಗ್ಗದಲ್ಲಿರುವ ತಮ್ಮ ಚಿಕ್ಕಮ್ಮನ ಮನೆಗೆ ಹೋದರು. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ಕೈಯಲ್ಲಿ ಭೂತಗನ್ನಡಿ, ಮಡಿಲಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1965ರಲ್ಲಿ ಬಂದ ಈ ಕಾದಂಬರಿಯನ್ನು ಅವರು ಓದುತ್ತಿರುವುದು ಇದೇ ಮೊದಲಲ್ಲ. ಪ್ರತಿ ಸಲವೂ ಕೊನೆ ಬೇರೆ ಇದ್ದೀತೆಂಬ ಆಸೆಯಿಂದ ಓದುತ್ತಾರೆ.

“ಅಲ್ವೋ, ಆಚಾರ್ರು ಅಗ್ರಹಾರಕ್ಕೆ ಹೋಗಿ ನಿಜ ಹೇಳಿದ್ರೋ ಇಲ್ವೋ?”

“ಗೊತ್ತಿಲ್ಲ ಚಿಕ್ಕಮ್ಮ.”

“ಬರೆದೋರಿಗೆ ಗೊತ್ತಿತ್ತಾ?”

“ಅವರೂ ಹೇಳಿಲ್ಲ.”

“ಮತ್ತೆ ಅಷ್ಟು ದೂರ ಹೋಗಕ್ಕೆ ಗಾಡಿ ಹತ್ತಿಸಿದ್ದು ಯಾಕೆ?”

ಶಾಸ್ತ್ರಕರ್ತರು ಉಂಬರ್ಟೊ ಎಕೊ 1962ರಲ್ಲಿ ‘ತೆರೆದ ಕೃತಿ’ಯ ಬಗ್ಗೆಯೇ ಒಂದು ಪುಸ್ತಕ ಬರೆದದ್ದನ್ನು, ಓದುಗನೂ ಕೃತಿಯ ಸಹಕರ್ತೃ ಎಂಬುದನ್ನು ಕಾಲು ಗಂಟೆ ವಿವರಿಸಿದರು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡರು. “ಹಾಗಾದ್ರೆ ಪುಸ್ತಕದ ದುಡ್ಡಲ್ಲಿ ನನಗೂ ಅರ್ಧ ಬರಬೇಕಲ್ಲೋ” ಎಂದರು. ತುಸು ಹೊತ್ತು ಬಿಟ್ಟು, ತಮ್ಮಷ್ಟಕ್ಕೇ, “ಹೇಳಿರ್ತಾರೆ. ಹೇಳದೆ ಇರೋ ಜೀವ ಅಲ್ಲ ಅದು” ಎಂದು ಭೂತಗನ್ನಡಿ ಮಡಚಿಟ್ಟರು.

ಈ ಕೊನೆಯ ಮಾತನ್ನು ಶಾಸ್ತ್ರಕರ್ತರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಎರಡು ಗೆರೆ ಎಳೆದಿದ್ದಾರೆ. ಅದರ ಉಪಯೋಗ ಮುಂದಿದೆ.

ಪೂರ್ವಪಕ್ಷ

ಅಂತ್ಯ ಮುಚ್ಚಿರಲೇಬೇಕು ಎನ್ನುವವರ ಸೈನ್ಯ ದೊಡ್ಡದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬಾಲವಿಧವೆ ಇಂದಿರೆ ಮನೆ ಬಿಟ್ಟು ಬಂದು, ಓದಿ, ಕಡೆಗೆ ಭಾಸ್ಕರನನ್ನು ಮದುವೆಯಾಗುತ್ತಾಳೆ. ಓದುಗರಿಗೆ ದಾರಿಯಲ್ಲಿ ಎದೆ ಹೊಡೆದುಕೊಳ್ಳದಿರಲಿ ಎಂದು ಗ್ರಂಥಕರ್ತರು ಹೆಸರಿನ ಜೊತೆಗೇ ‘ಅಥವಾ ಸದ್ಧರ್ಮವಿಜಯವು’ ಎಂದು ಸೇರಿಸಿದರು. ಕೊನೆಯಲ್ಲಿ ಏನಾಗುತ್ತದೆ ಎಂಬುದು ಮುಖಪುಟದಲ್ಲೇ ತೀರ್ಮಾನ. ಹದಿನಾರು ವರ್ಷದ ಮೇಲೆ ಎಂ. ಎಸ್. ಪುಟ್ಟಣ್ಣನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ 1915ರ ಕಾದಂಬರಿಯ ಹೆಸರು ‘ಮಾಡಿದ್ದುಣ್ಣೋ ಮಹಾರಾಯ’. ತೀರ್ಪು, ಶಿಕ್ಷೆ, ಆರೋಪಿಯನ್ನು ಕೂಗುವ ರೀತಿ, ಮೂರೂ ಶೀರ್ಷಿಕೆಯಲ್ಲೇ ಅಡಕ. ಇಂದಿನವರು ಕಥೆಯ ಗುಟ್ಟು ಹೊರಗೆ ಬಿದ್ದರೆ ಸ್ನೇಹ ಕಡಿದುಕೊಳ್ಳುತ್ತಾರೆ. ಹಿರಿಯರು ಗುಟ್ಟನ್ನು ರಟ್ಟಿನ ಮೇಲೆ ಅಚ್ಚು ಹಾಕಿಸಿ ಪುಸ್ತಕ ಮಾರಿದರು.

ತೆರೆದದ್ದನ್ನು ಕಂಡರೆ ಮುಚ್ಚುವುದು ಮನುಷ್ಯಸಹಜ ಎಂಬುದಕ್ಕೆ ಪೂರ್ವಪಕ್ಷದವರು ಬಾಣನ ಮನೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ತಂದೆ ಬಿಟ್ಟುಹೋದ ‘ಕಾದಂಬರಿ’ಯನ್ನು ಮಗ ಭೂಷಣಭಟ್ಟ ಮುಂದುವರಿಸಿ ಮುಗಿಸಿದ. ತಾನು ಬರೆಯುತ್ತಿರುವುದು ಕವಿಯೆಂಬ ಗರ್ವದಿಂದಲ್ಲ, ಕಥೆ ನಿಂತುಹೋಯಿತೆಂದು ಸಜ್ಜನರು ಪಟ್ಟ ದುಃಖ ನೋಡಲಾರದೆ ಎಂದು ಅವನ ಸಮಜಾಯಿಷಿ. ಓದುಗರ ಒತ್ತಾಯದ ಮೇರೆಗೆ ಎಂದು ಲೇಖಕರು ಮುನ್ನುಡಿಯಲ್ಲಿ ಬರೆಯುವ ವಾಕ್ಯದ ವಂಶವೃಕ್ಷ ಅಲ್ಲಿಯವರೆಗೂ ಹೋಗುತ್ತದೆ. ನಮ್ಮ ನಾಗವರ್ಮ ‘ಕರ್ಣಾಟಕ ಕಾದಂಬರಿ’ ಬರೆಯುವಾಗ ತಂದೆಯ ಭಾಗ, ಮಗನ ಭಾಗ ಎಂದು ನೋಡದೆ ಇಡೀ ಕಥೆಯನ್ನು ಕನ್ನಡಕ್ಕೆ ತಂದ. ಗದುಗಿನಲ್ಲಿಯೂ ಇದೇ ಆಯಿತು. ಕುಮಾರವ್ಯಾಸ ಮಹಾಭಾರತದ ಹದಿನೆಂಟರಲ್ಲಿ ಹತ್ತು ಪರ್ವ ಹಾಡಿ, ಗದಾಪರ್ವಕ್ಕೆ ನಿಲ್ಲಿಸಿದ. ದುರ್ಯೋಧನನ ತೊಡೆ ಮುರಿದ ಮೇಲೆ ಹೇಳುವುದೇನು ಉಳಿಯಿತು ಎಂದು ಅವನಿಗೆ ಅನಿಸಿದ್ದರೂ ಅನಿಸಿರಬಹುದು. ವಿಜಯನಗರಕ್ಕೆ ಹಾಗೆ ಅನಿಸಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಲೆಕ್ಕ ಚುಕ್ತಾ ಮಾಡಿದ. ಈಗಲೂ ಗಮಕಿಗಳು ಹಾಡುವುದು ಹೆಚ್ಚಾಗಿ ಮೊದಲ ಹತ್ತನ್ನೇ. ಈ ಸಂಗತಿಯನ್ನು ಪೂರ್ವಪಕ್ಷದವರು ಹೇಳುವುದಿಲ್ಲ. ಶಾಸ್ತ್ರಕರ್ತರು ಪಕ್ಷಪಾತ ಬರಬಾರದೆಂದು ಹೇಳಿದ್ದಾರೆ.

ಇಂಗ್ಲೆಂಡಿನಲ್ಲಿ ನೇಹಮ್ ಟೇಟ್ ಎಂಬಾತ 1681ರಲ್ಲಿ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕಕ್ಕೆ ಮಜ್ಜಿಗೆ ಬಡಿಸಿದ. ಮೂಲದಲ್ಲಿ ಸಾಯುವ ಕಾರ್ಡೀಲಿಯ ಅವನ ಕೈಯಲ್ಲಿ ಬದುಕಿ ಎಡ್ಗರನ ಕೈಹಿಡಿದಳು, ಲಿಯರನಿಗೂ ರಾಜ್ಯ ಸಿಕ್ಕಿತು. ನೂರೈವತ್ತು ವರ್ಷ ಇಂಗ್ಲೆಂಡಿನ ರಂಗಭೂಮಿ ಇದನ್ನೇ ಆಡಿತು. ಇದು ತೆರೆದದ್ದನ್ನು ಮುಚ್ಚಿದ್ದಲ್ಲ, ಮುಚ್ಚಿದ್ದನ್ನು ಒಡೆದು ಬೇರೆ ಬೀಗ ಹಾಕಿದ್ದು ಎಂಬ ಆಕ್ಷೇಪವನ್ನು ದಾಖಲಿಸಿಕೊಳ್ಳಲಾಗಿದೆ.

ಹತ್ತಿರದಿಂದ ನೋಡಬೇಕಾದ ಪ್ರಕರಣ ಚಾರ್ಲ್ಸ್ ಡಿಕನ್ಸ್‌ನದು. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 1861ರಲ್ಲಿ ವಾರಪತ್ರಿಕೆಯ ಕಂತುಗಳಾಗಿ ಮುಗಿಯುತ್ತ ಬಂದಿತ್ತು. ಅವನು ಮೊದಲು ಬರೆದ ಕೊನೆ ಬಹಳ ಸರಳ. ವರ್ಷಗಳ ಬಳಿಕ ಲಂಡನ್ನಿನ ಪಿಕಾಡಿಲಿ ರಸ್ತೆಯಲ್ಲಿ ಪಿಪ್‌ಗೆ ಎಸ್ಟೆಲಾ ಸಿಗುತ್ತಾಳೆ. ಮೊದಲ ಗಂಡ ಸತ್ತು, ಅವಳು ಒಬ್ಬ ವೈದ್ಯನನ್ನು ಮದುವೆಯಾಗಿದ್ದಾಳೆ. ಪಿಪ್‌ನ ಕೈಹಿಡಿದ ಹುಡುಗ ಅವನ ಮಗನೇ ಇರಬೇಕೆಂದು ಅವಳು ತಿಳಿಯುತ್ತಾಳೆ, ಇವನು ತಿದ್ದುವುದಿಲ್ಲ. ಅಷ್ಟೇ, ಇಬ್ಬರೂ ಬೇರೆಬೇರೆ ದಾರಿ. ಅಚ್ಚಿನ ಕರಡು ಓದಿದ ಗೆಳೆಯ ಬುಲ್ವರ್ ಲಿಟ್ಟನ್ ಒಪ್ಪಲಿಲ್ಲ. ಓದುಗರನ್ನು ಇಷ್ಟು ಬರಿಗೈಯಲ್ಲಿ ಕಳಿಸಬಾರದು ಎಂದು ಹಿಡಿದ ಪಟ್ಟು ಬಿಡಲಿಲ್ಲ. ಡಿಕನ್ಸ್ ಕೊನೆ ಬದಲಿಸಿದ. ಈಗ ಅವರು ಸಿಗುವುದು ಪಾಳುಬಿದ್ದ ತೋಟದಲ್ಲಿ, ಸಂಜೆಯ ಮಂಜು ಏಳುವಾಗ. ಕೈಹಿಡಿದು ಹೊರಬರುತ್ತಾರೆ. ಮದುವೆಯಾದರೇ? ಕೊನೆಯ ವಾಕ್ಯ ಹೌದೆಂದೂ ಅನ್ನುತ್ತದೆ, ಇಲ್ಲವೆಂದೂ ಅನ್ನುತ್ತದೆ. ಆ ವಾಕ್ಯವನ್ನೂ ಅವನು ಮುಂದಿನ ಮುದ್ರಣದಲ್ಲಿ ತಿದ್ದಿದ. ಮುಚ್ಚು ಎಂದು ಗೆಳೆಯ ಹೇಳಿದ, ಡಿಕನ್ಸ್ ಒಪ್ಪಿದ, ಮೊದಲೇ ಮುಚ್ಚಿದ್ದದ್ದು ತೆರೆದುಕೊಂಡಿತು. ಡಿಕನ್ಸ್ ತೀರಿಕೊಂಡ ಮೇಲೆ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ ಹಳೆಯ ಕೊನೆ ಬೆಳಕಿಗೆ ಬಂತು. 1937ರಲ್ಲಿ ಬರ್ನಾರ್ಡ್ ಶಾ ಆ ಹಳೆಯ ಕೊನೆಯನ್ನೇ ಸೇರಿಸಿ ಪುಸ್ತಕ ಹೊರಡಿಸಿದ. ಬುಲ್ವರ್ ಲಿಟ್ಟನ್ ಕೊಟ್ಟ ಸಲಹೆಯ ಜಗಳ ಇಂದಿಗೂ ಮುಗಿದಿಲ್ಲ.

ಬಿಗಿಯಾಗಿ ಮುಚ್ಚಿದರೂ ಬೀಗ ನಿಲ್ಲುವುದಿಲ್ಲ ಎಂಬುದಕ್ಕೆ ಕಾನನ್ ಡಾಯ್ಲ್ ಸಾಕ್ಷಿ. 1893ರಲ್ಲಿ ಅವನು ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತದಲ್ಲಿ ಕೆಡವಿದ. ಸಾವಿಗಿಂತ ಗಟ್ಟಿ ಅಗುಳಿ ಯಾವುದಿದೆ? ಹತ್ತು ವರ್ಷದಲ್ಲಿ, 1903ಕ್ಕೆ, ಹೋಮ್ಸ್ ತಾನು ಬಿದ್ದೇ ಇರಲಿಲ್ಲ ಎಂದು ಹೇಳಿಕೊಂಡು ವಾಪಸು ಬಂದ.

ಉತ್ತರಪಕ್ಷ

ತೆರೆದ ಅಂತ್ಯದ ಪಕ್ಷದವರು ಇದು ಪಶ್ಚಿಮದ ಫ್ಯಾಶನ್ ಎಂಬ ಆರೋಪವನ್ನು ಮೊದಲೇ ಕಿತ್ತುಹಾಕುತ್ತಾರೆ. ಅವರ ಮೂಲಪುರುಷ ಬೇತಾಳ. ಸ್ಮಶಾನದಿಂದ ಹೆಣ ಹೊತ್ತು ಬರುವ ವಿಕ್ರಮನಿಗೆ ಬೇತಾಳ ಇಪ್ಪತ್ತೈದು ಕಥೆ ಹೇಳುತ್ತದೆ. ಪ್ರತಿಯೊಂದನ್ನೂ ಪ್ರಶ್ನೆಯಲ್ಲಿ ನಿಲ್ಲಿಸುತ್ತದೆ. ರಾಜ ಬುದ್ಧಿವಂತ, ಸರಿಯುತ್ತರ ಕೊಟ್ಟು ಕಥೆ ಮುಚ್ಚುತ್ತಾನೆ. ಮುಚ್ಚಿದ ಕ್ಷಣ ಬೇತಾಳ ಮರಕ್ಕೆ ಹಾರಿ, ಎಲ್ಲ ಮೊದಲಿನಿಂದ. ಕಟ್ಟಕಡೆಯ ಕಥೆಯಲ್ಲಿ ಒಬ್ಬ ತಂದೆ ಒಬ್ಬಳ ಮಗಳನ್ನೂ ಅವನ ಮಗ ಆ ಹುಡುಗಿಯ ತಾಯಿಯನ್ನೂ ಮದುವೆಯಾಗಿ, ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು ಎಂಬ ಪ್ರಶ್ನೆ. ನೆಂಟಸ್ತಿಕೆಗೆ ಅತ್ತೆ, ಸೋದರಮಾವ, ಷಡ್ಡಕ, ಓರಗಿತ್ತಿ ಎಂದು ಒಂದೊಂದು ಹೆಸರಿಟ್ಟ ನಾಡಿನಲ್ಲೂ ಇದಕ್ಕೆ ಪದವಿಲ್ಲ. ರಾಜ ಬಾಯಿ ಬಿಡಲಿಲ್ಲ. ಅವನು ಸುಮ್ಮನಿದ್ದದ್ದರಿಂದಲೇ ಕಥಾಮಾಲೆ ಮುಗಿಯಿತು. ಉತ್ತರ ಕೊಟ್ಟರೆ ಕಥೆ ಮರಕ್ಕೆ ಹೋಗುತ್ತದೆ, ಕೊಡದಿದ್ದರೆ ಮುಗಿಯುತ್ತದೆ ಎಂಬ ಈ ನಿಯಮಕ್ಕೆ ಶಾಸ್ತ್ರಕರ್ತರು ‘ಬೇತಾಳನ್ಯಾಯ’ ಎಂದು ಹೆಸರಿಟ್ಟಿದ್ದಾರೆ.

ಕನ್ನಡದಲ್ಲಿ ಈ ಪಕ್ಷಕ್ಕೆ ದೊಡ್ಡ ವಕೀಲರಿದ್ದಾರೆ. ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಬಾಗಿಲಲ್ಲೇ, ಇಲ್ಲಿ ಮೊದಲು ತುದಿಗಳನ್ನು ಹುಡುಕಬೇಡಿ ಎಂಬರ್ಥದ ಸೂಚನೆ ಹಾಕಿದರು. ಆಮೇಲೆ ನೂರಾರು ಪುಟ ಕಾಡು, ಮಳೆ, ಇಂಬಳ, ಓಡಿಹೋಗುವ ಜೋಡಿಗಳು. ಕೊನೆಗೆ ಜೋಡಿಗಳು ಸೇರಿದರೂ ಓದುಗನ ಎದೆಯಲ್ಲಿ ಉಳಿಯುವುದು ಉಕ್ಕಿ ಹರಿಯುವ ತುಂಗೆಯಲ್ಲಿ ಕೊಚ್ಚಿಹೋದ ಗುತ್ತಿಯ ನಾಯಿ ಹುಲಿಯ. ಮದುವೆಗಳು ಪಕ್ಕಾ, ದುಃಖ ಪಕ್ಕಾ, ಆದರೂ ಪುಸ್ತಕ ಮುಗಿದ ಹಾಗೆ ಅನ್ನಿಸುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದ್ದು (1980) ಇನ್ನೊಂದು ಉಪಾಯ. ವಿಜ್ಞಾನಿ, ಕೃಷಿಕ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇಷ್ಟು ದಂಡು ಕಟ್ಟಿಕೊಂಡು ಕಾಡು ಹೊಕ್ಕು ಹಾರುವ ಓತಿಯನ್ನು ಹುಡುಕಿದರು. ಓತಿ ಸಿಕ್ಕಿತು, ಮರ ಹತ್ತಿತು, ಎಲ್ಲರೂ ನೋಡನೋಡುತ್ತಿದ್ದಂತೆ ಪಶ್ಚಿಮಘಟ್ಟದ ಕಣಿವೆಯೊಳಕ್ಕೆ ತೇಲಿಹೋಯಿತು. ಪತ್ತೇದಾರಿಯಂತೆ ನಡೆದ ಕಾದಂಬರಿಯಲ್ಲಿ ಆರೋಪಿ ಎಲ್ಲರೆದುರೇ ಪರಾರಿ. ಓದುಗರು ಅದನ್ನು ಮೋಸ ಎನ್ನಲಿಲ್ಲ. ಪಠ್ಯಪುಸ್ತಕವಾಗಿಸಿ ಪರೀಕ್ಷೆಗೆ ಪ್ರಶ್ನೆ ಕೇಳಿದರು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ತನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಬರೆದಿಟ್ಟಿದೆ. ಸಿಕ್ಕುಬಿದ್ದ ದಾರ ಇನ್ನು ಬಿಡಿಸಲಾಗದು ಎಂಬುದಕ್ಕೆ ಅನಿತಾಳ ತವರಿನಲ್ಲಿ ಹುಟ್ಟಿದ ಮನೆಮಾತು ಅದು. ಹೆಸರೇ ಬಿಡಿಸಲಾಗದ ಗಂಟು ಎಂದಿರುವಾಗ ಕೊನೆಯಲ್ಲಿ ಗಂಟು ಬಿಡಿಸಿಕೊಡಿ ಎಂದು ಕೇಳಿದರೆ ತಪ್ಪು ಕೇಳಿದವರದೇ. ಬೆಂಗಳೂರಿನ ಕಾಫಿ ಹೌಸಿನಲ್ಲಿ ನಿರೂಪಕ ಕೂತಿದ್ದಾನೆ, ಮನೆಗೆ ಮರಳಬೇಕಾದ ಹೆಂಡತಿಯ ಸುದ್ದಿಯಿಲ್ಲ, ಅವನ ಕೈಯಲ್ಲಿ ರಕ್ತ. ಏನಾಯಿತೆಂದು ಹೇಳಿಲ್ಲ. ಆದರೆ ಅಷ್ಟರಲ್ಲಿ ಆ ಮನೆಯವರು ಇರುವೆಗಳನ್ನು ಹೊಸಕಿದ್ದನ್ನು ಓದುಗ ನೋಡಿಯಾಗಿದೆ.

ಈ ಪಕ್ಷದವರು ವಿದೇಶದಿಂದ ಇಬ್ಬರನ್ನು ಕರೆಸಿದ್ದಾರೆ. ಜಾನ್ ಫೌಲ್ಸ್ 1969ರ ‘ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್’ಗೆ ಮೂರು ಕೊನೆ ಬರೆದ. ಒಂದು ಪುಸ್ತಕ ಮುಗಿಯುವ ಮುಂಚೆಯೇ ಬರುತ್ತದೆ. ಮಿಕ್ಕೆರಡರಲ್ಲಿ ಯಾವುದು ಕಡೆಗೆ ಬರಬೇಕೆಂದು ಕಾದಂಬರಿಕಾರ ತಾನೇ ಗಡ್ಡಧಾರಿಯಾಗಿ ರೈಲಿನಲ್ಲಿ ಕೂತು ನಾಣ್ಯ ಚಿಮ್ಮುತ್ತಾನೆ. ಇನ್ನೊಬ್ಬ ಹೆಮಿಂಗ್ವೆ. ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕೊನೆಯನ್ನು 39 ಸಲ ಬರೆದೆನೆಂದು ಸಂದರ್ಶನವೊಂದರಲ್ಲಿ ಅವನು ಹೇಳಿದ್ದ. 2012ರ ಆವೃತ್ತಿ ಅವನ ಕಾಗದಗಳಿಂದ 47 ಕೊನೆಗಳನ್ನು ಹೆಕ್ಕಿ ಅಚ್ಚು ಹಾಕಿತು. ಎಷ್ಟು ಕೊನೆ ಎಂಬ ಲೆಕ್ಕವೂ ಹೀಗೆ ತೆರೆದೇ ಉಳಿಯಿತು.

ಮಧ್ಯಂತರ: ಒಂದು ಮೊಕದ್ದಮೆ

ತೆರೆದದ್ದನ್ನು ನ್ಯಾಯಾಲಯದಲ್ಲಿ ಮುಚ್ಚಬಹುದೇ ಎಂಬ ಪ್ರಯೋಗವೂ ನಡೆದಿದೆ. ಡಿಕನ್ಸ್ 1870ರ ಜೂನ್ 9ರಂದು ತೀರಿಕೊಂಡಾಗ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಹನ್ನೆರಡು ಕಂತುಗಳಲ್ಲಿ ಆರಕ್ಕೆ ನಿಂತಿತ್ತು. ಎಡ್ವಿನ್ ಕಾಣೆಯಾಗಿದ್ದಾನೆ, ಸೋದರಮಾವ ಜಾಸ್ಪರ್ ಮೇಲೆ ಅನುಮಾನ, ಕೊಂದವರು ಯಾರು ಎಂದು ಹೇಳಬೇಕಾದವನು ಮಣ್ಣಾದ. ಡಿಕನ್ಸ್ ಅಭಿಮಾನಿಗಳು 44 ವರ್ಷ ಕಾದರು. 1914ರ ಜನವರಿ 7ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಜಾಸ್ಪರನ ಮೇಲೆ ಅಣಕು ವಿಚಾರಣೆ ನಡೆಸಿದರು. ನ್ಯಾಯಾಧೀಶರ ಪೀಠದಲ್ಲಿ ಜಿ. ಕೆ. ಚೆಸ್ಟರ್ಟನ್, ಜ್ಯೂರಿಯ ಮುಖ್ಯಸ್ಥ ಬರ್ನಾರ್ಡ್ ಶಾ. ಸಾಕ್ಷಿ, ಪಾಟೀಸವಾಲು ಎಲ್ಲ ಕ್ರಮವಾಗಿ ನಡೆದ ಮೇಲೆ ಶಾ ಎದ್ದು, ಕೊಲೆಯಲ್ಲ, ಉದ್ದೇಶವಿಲ್ಲದ ನರಹತ್ಯೆ ಎಂದು ತೀರ್ಪು ಹೇಳಿದ. ಶಿಕ್ಷೆಯಿಲ್ಲದೆ ಪೂರಾ ಬಿಟ್ಟುಬಿಟ್ಟರೆ ನಾವೆಲ್ಲ ಹಾಸಿಗೆಯಲ್ಲೇ ಕೊಲೆಯಾದೇವು ಎಂಬ ಧಾಟಿಯಲ್ಲಿ ಕಾರಣವನ್ನೂ ಕೊಟ್ಟ. ಚೆಸ್ಟರ್ಟನ್ ತನ್ನೊಬ್ಬನನ್ನು ಬಿಟ್ಟು ಸಭೆಯಲ್ಲಿದ್ದ ಎಲ್ಲರಿಗೂ ನ್ಯಾಯಾಲಯ ನಿಂದನೆಯ ಶಿಕ್ಷೆ ಹಾಕಿ ಎದ್ದುಹೋದ.

1985ರಲ್ಲಿ ಇದೇ ಕಥೆ ನ್ಯೂಯಾರ್ಕಿನಲ್ಲಿ ಸಂಗೀತ ನಾಟಕವಾಯಿತು. ಕೊಲೆಗಾರ ಯಾರೆಂದು ಪ್ರತಿ ರಾತ್ರಿ ಪ್ರೇಕ್ಷಕರು ಮತ ಹಾಕಿದರು. ಚುನಾವಣೆಯಿಂದ ಸತ್ಯ ಗೊತ್ತಾಗುತ್ತದೆಂದು ನಂಬುವವರಿಗೆ ಇದು ಉಪಯುಕ್ತ ಪೂರ್ವನಿದರ್ಶನ.

ಡ್ರೂಡ್‌ಗೆ ಬಂದ ತೀರ್ಪುಗಳಲ್ಲಿ ಒಂದೂ ನಿಲ್ಲಲಿಲ್ಲ. ‘ಸಂಸ್ಕಾರ’ದ ಗಾಡಿಗೆ ಚಿಕ್ಕಮ್ಮ ಕೊಟ್ಟ ತೀರ್ಪು ನಿಂತಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬಲ್ಲಿ ಶಾಸ್ತ್ರ ತನ್ನ ತಿರುಳಿಗೆ ಬರುತ್ತದೆ.

ನಿರ್ಣಯ

‘ಸಂಸ್ಕಾರ’ವನ್ನು ತೆರೆದ ಅಂತ್ಯದ ಮಾದರಿ ಎಂದು ತರಗತಿಗಳಲ್ಲಿ ಹೇಳುವುದುಂಟು. ಶಾಸ್ತ್ರಕರ್ತರು ಪುಸ್ತಕವನ್ನು ಮತ್ತೆ ಓದಿ, ಪೆನ್ಸಿಲಿನಲ್ಲಿ ಅಂಚಿನುದ್ದಕ್ಕೂ ಖರ್ಚು ಜಮಾ ಬರೆದುಕೊಂಡರು. ಕಾದಂಬರಿ ಎತ್ತುವ ಮೊದಲ ಪ್ರಶ್ನೆ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು ಎಂಬುದು. ಅಗ್ರಹಾರ ಶಾಸ್ತ್ರ ತಿರುವುತ್ತ, ಹಸಿದು, ಮೂಗು ಮುಚ್ಚಿಕೊಂಡು ಕೂತಿರುತ್ತದೆ. ಆ ಪ್ರಶ್ನೆಗೆ ಉತ್ತರ ಕೊನೆಯ ಪುಟದವರೆಗೆ ಕಾಯುವುದಿಲ್ಲ. ನಾರಣಪ್ಪನ ಸಂಗಾತಿ ಚಂದ್ರಿ ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಟ್ಟು ಹೊರಟುಹೋಗುತ್ತಾಳೆ. ಅದು ಓದುಗರಿಗೆ ಗೊತ್ತು, ಚಿಕ್ಕಮ್ಮ ಹೇಳಿದ ‘ಆಚಾರ್ರು’ ಪ್ರಾಣೇಶಾಚಾರ್ಯರಿಗೆ ಗೊತ್ತಿಲ್ಲ. ಕಥೆಯ ಬಾಕಿಯನ್ನು ಅನಂತಮೂರ್ತಿ ನಡುವಿನಲ್ಲೇ, ಸದ್ದಿಲ್ಲದೆ, ತೀರಿಸಿಬಿಟ್ಟಿದ್ದಾರೆ. ಕೊನೆಗೆ ಉಳಿಯುವುದು ಒಬ್ಬ ಮನುಷ್ಯನ ಬಾಕಿ ಮಾತ್ರ. ಗಾಡಿಯಲ್ಲಿ ಒಬ್ಬರಿಗಷ್ಟೇ ಜಾಗ. ಜೊತೆ ಬಿಡದಿದ್ದ ಪುಟ್ಟನೂ ಹಿಂದೆ ಉಳಿಯುತ್ತಾನೆ. ದಾರಿ ಎಷ್ಟು ಹೊತ್ತಿನದು ಎಂಬುದೂ ತಿಳಿದಿದೆ. ತಿಳಿಯದ್ದು ಗಾಡಿ ಇಳಿದು ಆಡುವ ಮೊದಲ ಮಾತು. ಅದನ್ನು ಊಹಿಸಲು ಬೇಕಾದ ಸಾಮಾನೆಲ್ಲ ಓದುಗರ ಕೈಯಲ್ಲಿದೆ. ಆದ್ದರಿಂದಲೇ ಶಿವಮೊಗ್ಗದಲ್ಲಿ ಒಬ್ಬರು ಭೂತಗನ್ನಡಿ ಮಡಚುವಷ್ಟು ಹೊತ್ತಿನಲ್ಲಿ ಅದನ್ನು ತೀರ್ಮಾನಿಸಬಲ್ಲರು. ಪಕ್ಕದ ಮನೆಯವರು ಅದಕ್ಕೆ ತದ್ವಿರುದ್ಧ ತೀರ್ಮಾನಿಸಿ ಜಗಳವಾಡಬಲ್ಲರು.

‘ಕರ್ವಾಲೊ’ದಲ್ಲೂ ಇದೇ ಜಮಾಖರ್ಚು. ಓತಿ ಇದೆಯೇ? ಇದೆ, ಕಣ್ಣಾರೆ ಕಂಡಾಯಿತು. ಹಿಡಿದರೇ? ಇಲ್ಲ. ಎರಡೂ ಚುಕ್ತಾ. ಎಲ್ಲಿ ಹೋಯಿತು ಎಂಬುದೊಂದು ಉಳಿಯಿತು, ಅದನ್ನು ಹೇಳುವ ಹೊಣೆ ಓತಿಯದು. ಡ್ರೂಡ್‌ನಲ್ಲಿ ಹಾಗಲ್ಲ. ಅಲ್ಲಿ ಕಥೆಯ ಬಾಕಿಯೇ ತೀರಿಲ್ಲ, ಊಹಿಸುವವರ ಕೈಗೆ ಅರ್ಧ ಸಾಮಾನು ಮಾತ್ರ ಬಂದಿದೆ.

ಮುಚ್ಚಿದ ಅಂತ್ಯವೂ ಎಲ್ಲವನ್ನೂ ಮುಚ್ಚುವುದಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ತನ್ನದೆಂದು ಒಂದಿಷ್ಟು ನೆಲ ಉಳಬೇಕೆಂದು ಆಸೆಪಟ್ಟ ಚೋಮ, ದುಡಿ ಬಡಿಯುತ್ತಲೇ ಪ್ರಾಣ ಬಿಡುತ್ತಾನೆ. ಕಥೆಗೆ ಇದಕ್ಕಿಂತ ಗಟ್ಟಿ ಅಗುಳಿ ಬೇಕಿಲ್ಲ. ಆದರೆ ನೆಲದ ಪ್ರಶ್ನೆ ಅವನ ಜೊತೆ ಸಾಯಲಿಲ್ಲ. ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ಕಾದಂಬರಿ ಬಂದು 41 ವರ್ಷಕ್ಕೆ. ಅದರ ಲಾಭ ಹೆಚ್ಚಾಗಿ ಗೇಣಿದಾರರಿಗೆ ಸಿಕ್ಕಿತು. ಗೇಣಿಗೂ ನೆಲ ಸಿಗದ ಚೋಮನಂಥವರ ಪಾಲಿಗೆ ಆ ಪುಟ ಇನ್ನೂ ತಿರುವಿಲ್ಲ.

ಈ ಆಧಾರಗಳ ಮೇಲೆ ಶಾಸ್ತ್ರಕರ್ತರು ಕಾದಂಬರಿಕಾರರಿಗೆ ವಿಧಿಸಿರುವ ನಿಯಮಗಳು ನಾಲ್ಕು. ಒಂದು, ಕಥೆ ತಾನಾಗಿ ಮಾಡಿದ ಸಾಲವನ್ನು ಕಥೆಯೇ ತೀರಿಸಬೇಕು. ಕೊಲೆ ಮಾಡಿಸಿದವರು ಕೊಲೆಗಾರನನ್ನು ತೋರಿಸಬೇಕು, ಇಲ್ಲವೇ ತೋರಿಸದಿರಲು ಹೊಸಕಿದ ಇರುವೆಗಳಷ್ಟಾದರೂ ಆಧಾರ ಕೊಡಬೇಕು. ಎರಡು, ತೆರೆದಿಡುವ ಪ್ರಶ್ನೆ ಒಂದೇ ಇರಬೇಕು, ಅದನ್ನು ಒಂದು ಉಸಿರಿನಲ್ಲಿ ಕೇಳಲು ಬರಬೇಕು. ‘ಬದುಕು ಎಂದರೇನು’ ಎಂಬುದನ್ನು ಪ್ರಶ್ನೆಯೆಂದು ಪರಿಗಣಿಸಲಾಗದು. ಮೂರು, ಬರೆದವರಿಗೆ ಕೊನೆ ಹೊಳೆಯದೆ ನಿಲ್ಲಿಸಿದ್ದನ್ನು ಬಿಡುಗಡೆ ಸಮಾರಂಭದಲ್ಲಿ ‘ಓದುಗರಿಗೆ ಬಿಟ್ಟಿದ್ದೇನೆ’ ಎಂದು ಹೇಳುವಂತಿಲ್ಲ. ಹೇಳಿದರೆ ಚಿಕ್ಕಮ್ಮ ಕೇಳಿದ ಅರ್ಧ ಗೌರವಧನ ಕೂಡಲೇ ಸಲ್ಲಬೇಕು. ನಾಲ್ಕು, ಕೊನೆಯ ಪುಟದಲ್ಲಿ ಮಂಜು ಕವಿಸುವುದಕ್ಕೆ ಡಿಕನ್ಸ್ ಒಬ್ಬನಿಗೇ ಪರವಾನಗಿ.

ಐದನೆಯ ನಿಯಮಕ್ಕೆ ಜಾಗ ಬಿಟ್ಟಿದ್ದಾರೆ. ಶಾಸ್ತ್ರವೂ ತೆರೆದಿರಲಿ ಎಂದು ಹಾಗೆ ಮಾಡಿದ್ದೋ, ಹೊಳೆಯಲಿಲ್ಲವೋ ಎಂದು ಕೇಳಿದರೆ ಮೂರನೆಯ ನಿಯಮವನ್ನು ನೆನೆದು ಮೌನವಾಗುತ್ತಾರೆ.

ಇಷ್ಟೆಲ್ಲ ಆದ ಮೇಲೆ, ಹೊರಡುವಾಗ, ಚಿಕ್ಕಮ್ಮ ಬೀರುವಿನಿಂದ ಇನ್ನೊಂದು ಪುಸ್ತಕ ತೆಗೆದುಕೊಟ್ಟರು. ಅದು ಪುಸ್ತಕವಲ್ಲ, ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರ ಕತ್ತರಿಸಿ, ಹಿಟ್ಟಿನ ಅಂಟು ಹಚ್ಚಿ, ಹಳೆಯ ಸೀರೆಯ ಅಂಚಿನಲ್ಲಿ ಬೆನ್ನು ಕಟ್ಟಿ, ಅವರೇ ಮಾಡಿಕೊಂಡ ಬೈಂಡು. ನಡುವೆ ಸಾಬೂನಿನ ಜಾಹೀರಾತು, ಅರ್ಧ ಪದಬಂಧ. ಕೊನೆಯ ಹಾಳೆಯ ಕೆಳಗೆ ‘ಮುಂದಿನ ಸಂಚಿಕೆಗೆ ಮುಕ್ತಾಯ’ ಎಂದು ಅಚ್ಚಾಗಿದೆ. ಆ ಮುಂದಿನ ಸಂಚಿಕೆಯನ್ನು ಐವತ್ತು ವರ್ಷದ ಹಿಂದೆ ನೆಂಟರೊಬ್ಬರು ಬಸ್ಸಿನಲ್ಲಿ ಓದಲೆಂದು ಒಯ್ದವರು ವಾಪಸು ಕೊಟ್ಟಿಲ್ಲ. ನಾಯಕಿ ರೈಲು ನಿಲ್ದಾಣದ ಬೆಂಚಿನ ಮೇಲೆ ಟ್ರಂಕು ಇಟ್ಟುಕೊಂಡು ಕೂತಿದ್ದಾಳೆ. ಹಳದಿಯಾದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಅಳಿಸಿದ ಗುರುತುಗಳಿವೆ. ಎಷ್ಟು ಸಲ ಬರೆದು ಎಷ್ಟು ಸಲ ಅಳಿಸಿದ್ದೆಂದು ಚಿಕ್ಕಮ್ಮನಿಗೂ ನೆನಪಿಲ್ಲ.

ಕೈಯಾರೆ ಕಟ್ಟಿದ ಧಾರಾವಾಹಿ ಬೈಂಡುಗಳಾಗಲಿ, ಹಳೆಯ ವಾರಪತ್ರಿಕೆಗಳ ಕಟ್ಟಾಗಲಿ ಅಟ್ಟದ ಮೇಲೆ ಇರುವ ಓದುಗರು ಒಮ್ಮೆ ಕೆಳಗಿಳಿಸಿ ನೋಡಬೇಕೆಂದು ಶಾಸ್ತ್ರಕರ್ತರು ಕೋರಿದ್ದಾರೆ. ಟ್ರಂಕಿನ ಮೇಲೆ ಕೈಯಿಟ್ಟು ಕೂತ ಹೆಂಗಸಿನ ಚಿತ್ರವಿರುವ ಕೊನೆಯ ಕಂತು ಸಿಕ್ಕಿದರೆ ಮೂಲಪ್ರತಿ ಬೇಡ, ಜೆರಾಕ್ಸ್ ಸಾಕು. ಅಂಚೆ ವೆಚ್ಚವನ್ನು ಅವರೇ ಕೊಡುತ್ತಾರೆ.